ವೃಷಭಾವತಿಯ ಪಕ್ಕದಲ್ಲಿ ಓಡುತ್ತ: ಲಂಡನ್ನಿನ ಗೆಳೆಯನಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರಿಯ ಗೆಳೆಯಾ,

ನಾನು ಕ್ಷೇಮ. ನಿನ್ನ ಪತ್ರ ಬಂದು ತಿಂಗಳಾಯಿತು. ಊರಿಗೆ ಮರಳಿದ ಮೇಲೆ ಓಟ ಬಿಟ್ಟೆಯಾ, ನಿಮ್ಮ ಬೆಂಗಳೂರಿನಲ್ಲಿ ನದಿಯೇ ಇಲ್ಲವಲ್ಲ ಎಂದು ಕೇಳಿದ್ದೆ. ಓಡದೆ ಓಟದ ಬಗ್ಗೆ ಬರೆಯುವುದು ಸರಿಯಲ್ಲವೆಂದು ಕಾದೆ. ನಡುವೆ ಮೊಣಕಾಲು ಕೆತ್ತಿಕೊಂಡು ಎರಡು ವಾರ ಮನೆಯಲ್ಲಿ ಕುಳಿತೆ. ಆದರೆ ನದಿ ಇದೆ. ತುಂಗೆಯ ದಂಡೆಯಲ್ಲಿ ಬೆಳೆದ ನೀನು ಅದನ್ನು ನದಿಯೆಂದು ಒಪ್ಪುವುದು ಕಷ್ಟ, ಅಷ್ಟೇ.

ಲಂಡನ್ನಿನಲ್ಲಿದ್ದ ಆರು ವಾರಗಳಲ್ಲಿ ನಾವಿಬ್ಬರೂ ವಾಕ್ಸ್‌ಹಾಲ್ ಸೇತುವೆಯಿಂದ ಟವರ್ ಬ್ರಿಡ್ಜ್‌ವರೆಗೆ ಥೇಮ್ಸ್‌ನ ದಕ್ಷಿಣ ದಂಡೆ ಹಿಡಿದು ಎಷ್ಟು ಸಲ ಓಡಿದೆವೋ ಲೆಕ್ಕವಿಲ್ಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ದಂಡೆರಸ್ತೆಯಲ್ಲಿ ಬಸವಣ್ಣನವರ ಪ್ರತಿಮೆ ಬಂದೊಡನೆ ನೀನು ಓಟ ನಿಲ್ಲಿಸಿ ಕೈಮುಗಿಯುತ್ತಿದ್ದೆ. ಅದು ಭಕ್ತಿಯೋ ಉಸಿರು ತೆಗೆದುಕೊಳ್ಳುವ ಉಪಾಯವೋ ನನಗಿನ್ನೂ ಗೊತ್ತಾಗಿಲ್ಲ. ಲಂಡನ್ನಿನ ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತು, 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಆ ಪ್ರತಿಮೆಗಿಂತಲೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ದಂಡೆಯ ಕಲ್ಲುಗೋಡೆಯ ಸಾಲಿನಲ್ಲಿ, ದೋಣಿ ಕಟ್ಟುವ ಬಳೆಯನ್ನು ಬಾಯಲ್ಲಿ ಕಚ್ಚಿಕೊಂಡು ನದಿಯತ್ತ ನೋಡುವ ಕಂಚಿನ ಸಿಂಹದ ತಲೆಗಳು. ಸಿಂಹಗಳು ನೀರು ಕುಡಿದ ದಿನ ಲಂಡನ್ ಮುಳುಗುತ್ತದೆ ಎಂಬ ಅಲ್ಲಿಯವರ ಮಾತನ್ನು ನೀನೇ ಹೇಳಿದ್ದು. ಕಡಲು ಅಷ್ಟು ದೂರವಿದ್ದರೂ ಉಬ್ಬರದ ವೇಳೆ ನದಿ ಊರೊಳಗೆ ಆರೇಳು ಮೀಟರ್ ಏರುತ್ತದೆ ಎಂದರೆ ನಾನು ನಂಬಿರಲಿಲ್ಲ. ಹೋಗುವಾಗ ಗೋಡೆಯ ಬುಡದಲ್ಲಿ ಕೆಸರು, ಉರುಟುಗಲ್ಲು, ತಂಬಾಕು ಸೇದುವ ಹಳೆಯ ಮಣ್ಣಿನ ಚಿಲುಮೆಗಳ ಬಿಳಿ ತುಂಡುಗಳು ಕಾಣುತ್ತಿದ್ದವು. ಉಪಾಹಾರ ಮುಗಿಸಿ ಮರಳುವ ವೇಳೆಗೆ ಅವೆಲ್ಲ ನೀರಿನಡಿ ಸೇರಿರುತ್ತಿದ್ದವು.

ಅದೇ ನದಿ ಒಂದು ಕಾಲಕ್ಕೆ ಊರಿನ ಮೋರಿಯಾಗಿತ್ತು ಎಂದು ಒಂದು ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತು ನೀನು ವಿವರಿಸಿದ್ದೆ. 1858ರ ಬೇಸಿಗೆಯಲ್ಲಿ ದುರ್ನಾತ ತಡೆಯಲಾರದೆ ಸಂಸತ್ತಿನ ಕಿಟಕಿಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ನೇತುಹಾಕಿದ್ದರಂತೆ. ತಮ್ಮ ಮೂಗಿಗೇ ಬಂದಾಗ ಕಾನೂನು ಬೇಗ ಆಗುತ್ತದೆ! ಮುಂದೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರ್ ಕೊಳಚೆಯನ್ನು ನದಿಗೆ ಬೀಳದಂತೆ ತಡೆದು ಪೂರ್ವಕ್ಕೆ ಒಯ್ಯುವ ಇಟ್ಟಿಗೆಯ ಕೊಳವೆಮಾರ್ಗಗಳನ್ನು ಕಟ್ಟಿಸಿದ. ಎದುರು ದಂಡೆಯಲ್ಲಿ 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಹೊಟ್ಟೆಯೊಳಗೇ ಅಂಥದೊಂದು ಕೊಳವೆ ಸಾಗುತ್ತದೆ. ಇಷ್ಟಾದರೂ 1957ರಲ್ಲಿ ಆ ನದಿಯಲ್ಲಿ ಜೀವವೇ ಉಳಿದಿಲ್ಲ ಎಂದು ತಜ್ಞರು ಸಾರಿದ್ದರು. ಈಗ ಅಲ್ಲಿ ಸೀಲ್ ಎಂಬ ಕಡಲಪ್ರಾಣಿಗಳಿವೆ. ಇದನ್ನು ಕೇಳುವವರೆಗೂ ನನಗೆ ನಮ್ಮ ವೃಷಭಾವತಿಯ ನೆನಪೇ ಬಂದಿರಲಿಲ್ಲ ಎಂಬುದು ನಾಚಿಕೆಯ ಸಂಗತಿ. ನಾನು ಮೂವತ್ತು ವರ್ಷದಿಂದ ಇರುವುದು ಅದರ ತವರಿನಲ್ಲಿ.

ದೊಡ್ಡ ಬಸವಣ್ಣನ ಗುಡಿಯಲ್ಲಿ ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುವ ಆ ಏಕಶಿಲೆಯ ನಂದಿಯ ಪಾದದ ಬಳಿ ಈ ನದಿ ಹುಟ್ಟುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ಹೆಸರು ಬಂದದ್ದೂ ಅದರಿಂದಲೇ. ಮಲ್ಲೇಶ್ವರದವರನ್ನು ಕೇಳಿದರೆ ತಮ್ಮ ನಂದಿತೀರ್ಥವೇ ಮೂಲ ಎನ್ನುತ್ತಾರೆ. ನಾನು ಆ ಜಗಳಕ್ಕೆ ಹೋಗದೆ, ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ, ನಮ್ಮ ಬಸವನ ಕಡೆ ನಿಂತಿದ್ದೇನೆ. ಬೆಳಿಗ್ಗೆ ಐದೂವರೆಗೆ ಗುಡಿಯ ಮುಂದೆ ಶೂ ಲೇಸು ಬಿಗಿದು, ಗವಿಪುರದ ಇಳಿಜಾರಿನಲ್ಲಿ ಗವಿ ಗಂಗಾಧರೇಶ್ವರನ ಮುಂದೆ ಹಾದು, ಕೆಂಪೇಗೌಡರ ಕಾಲದ್ದೆನ್ನುವ ಕೆಂಪಾಂಬುಧಿ ಕೆರೆಯ ಏರಿಗೆ ಬರುತ್ತೇನೆ. ಕಾಲಿಗೆ ನೆಮ್ಮದಿ ಇರುವುದು ಅಲ್ಲಿ ಮಾತ್ರ. ಆಮೇಲೆ ನದಿ ಈಗ ಹರಿಯುವ ರಾಜಕಾಲುವೆ ಎಲ್ಲಿ ಕಂಡರೆ ಅಲ್ಲಿ ಅದರ ಪಕ್ಕದಲ್ಲಿ, ಕಾಣದ ಕಡೆ ವಾಸನೆಯ ಜಾಡಿನಲ್ಲಿ, ಮೈಸೂರು ರಸ್ತೆಯ ಗಾಳಿ ಆಂಜನೇಯನವರೆಗೆ ಓಡುತ್ತೇನೆ. ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್. ಅಲ್ಲಿ ನದಿ ಕಾಂಕ್ರೀಟ್ ಗೋಡೆಗಳ ನಡುವೆ ಬೂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ನೊರೆ ಹೊತ್ತು, ಕೆಂಗೇರಿಯ ಕಡೆಗೆ ಸಾಗುತ್ತಿರುತ್ತದೆ.

ಕಡುಬೇಸಿಗೆಯಲ್ಲೂ ಅದು ಬತ್ತುವುದಿಲ್ಲ, ಯಾಕೆ ಹೇಳು? ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿ ನೀರು ನಮ್ಮ ನಲ್ಲಿ, ಬಚ್ಚಲುಗಳನ್ನು ದಾಟಿ ಬಂದು ಸೇರುವುದು ಇದಕ್ಕೇ. ಬಿಡದಿಯ ಹತ್ತಿರದ ಬೈರಮಂಗಲ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಅದು ಮತ್ತೆ ಕಾವೇರಿಯ ಪಾಲಾಗುತ್ತದೆ. ಹಲ್ಲುಜ್ಜಿ ಉಗಿದ ನೀರಿನ ಜೊತೆಯಲ್ಲೇ ಓಡುತ್ತಿದ್ದೇನೆ ಎಂದು ಒಂದು ಬೆಳಿಗ್ಗೆ ಹೊಳೆದು, ಒಬ್ಬನೇ ನಕ್ಕುಬಿಟ್ಟೆ.

ಈಗ ಮೊಣಕಾಲಿನ ವಿಚಾರ. ಕೆರೆ ದಾಟಿದ ಮೇಲೆ ಕಾಲುವೆಯಂಚಿನಲ್ಲಿ ಯಾರೋ ಕಾಮಗಾರಿ ಮುಗಿಸಿ ಹೋದವರು ಒಂದು ಚಪ್ಪಡಿಯನ್ನು ಸರಿಯಾಗಿ ಕೂರಿಸಿರಲಿಲ್ಲ. ಕಾಲಿಟ್ಟ ಕೂಡಲೇ ಅದು ತಕ್ಕಡಿಯಂತೆ ಎದ್ದಿತು, ನಾನು ಮಕಾಡೆ ಬಿದ್ದೆ. ಎದುರಿನ ಮನೆಯ ಹೊಸಿಲಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬರು ಚೊಂಬು ಹಿಡಿದೇ ಓಡಿಬಂದು ಗಾಯ ತೊಳೆದರು.

"ಮೋರಿ ಪಕ್ಕ ಯಾಕಪ್ಪಾ ಓಡ್ತೀಯಾ, ಪಾರ್ಕ್ ಇಲ್ವಾ?" ಎಂದರು.

"ಇದು ನದಿ ಅಮ್ಮಾ," ಎಂದೆ, ದೊಡ್ಡ ಸಂಶೋಧನೆ ಮಾಡಿದವನ ಹಾಗೆ.

"ನಂಗೊತ್ತಿಲ್ವಾ? ಮಳೆ ಬಂದ್ರೆ ಮನೆಯೊಳಕ್ಕೇ ಬರುತ್ತೆ," ಎಂದು ಅವರು ಗೋಡೆ ತೋರಿಸಿದರು. ನನ್ನ ಸೊಂಟದೆತ್ತರಕ್ಕೆ, ಸುಣ್ಣ ಬಳಿದ ಮೇಲೂ ಮಾಸದೆ, ಕಂದುಬಣ್ಣದ ಒಂದು ಗೆರೆ ಉಳಿದಿತ್ತು. ಅಂಥ ಸಿಂಹದ ತಲೆ ಈ ಊರಿನಲ್ಲೂ ಇದೆ ಎಂದು ನನಗೆ ತಿಳಿದದ್ದು ಅವತ್ತು.

ಗಾಯ ಈಗ ಒಣಗಿದೆ, ಸೋಮವಾರದಿಂದ ಮತ್ತೆ ಓಡುತ್ತಿದ್ದೇನೆ. ಆ ಚಪ್ಪಡಿ ಹಾಗೆಯೇ ಇದೆ; ಅದನ್ನು ದಾಟಿ ಹಾರುವುದನ್ನು ಕಲಿತಿದ್ದೇನೆ. ಈ ಭಾನುವಾರ ನೀನು ಓಡುವಾಗ ಉಬ್ಬರದ ಹೊತ್ತು ನೋಡಿಕೊಂಡು ಹೋಗಿ, ಬಸವಣ್ಣನವರ ಎದುರಿನ ಸಿಂಹದ ಗಲ್ಲದಿಂದ ನೀರು ಎಷ್ಟು ಕೆಳಗಿದೆ ಎಂದು ನೋಡಿ ಬರೆ. ಇಲ್ಲಿ ಮುಂಗಾರಿನ ಮೊದಲ ದೊಡ್ಡ ಮಳೆಯಾದ ಮರುದಿನ ನಾನು ಆ ಅಮ್ಮನ ಗೋಡೆ ನೋಡಿಕೊಂಡು ಬಂದು ಬರೆಯುತ್ತೇನೆ.

ಇಂತಿ,
ನಿನ್ನ ಗೆಳೆಯ