ಮಾತ್ರೆ ಹೆಸರಿನ ಬಾಲ ನೋಡೋದನ್ನ ಕಲಿಸಿ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ಕಡೆಯವಳು, 22 ವರ್ಷದಿಂದ ಸ್ಟಾಫ್ ನರ್ಸ್. ನಮ್ಮ ವಾರ್ಡಿಗೆ ಪೋಸ್ಟಿಂಗಿಗೆ ಬರೋ ನರ್ಸಿಂಗ್ ಹುಡುಗೀರು ಹೆಚ್ಚಿನವರು ಸೊರಬ, ಹೊಸನಗರ, ಸಾಗರದ ಹಳ್ಳಿಗಳ ಕನ್ನಡ ಮೀಡಿಯಂ ಮಕ್ಕಳು. ಕೆಲಸದಲ್ಲಿ ಚುರುಕು, ರೋಗಿಗಳ ಹತ್ರ ಮಾತೂ ಚಂದ, ಆದ್ರೆ ಫಾರ್ಮಕಾಲಜಿ (ಔಷಧಗಳ ಪಾಠ) ಅಂದ ಕೂಡ್ಲೇ ಮುಖ ಸಣ್ಣದಾಗುತ್ತೆ. ಇಂಗ್ಲಿಷ್ ನೋಟ್ಸ್ ಬೈಹಾರ್ಟ್ ಮಾಡಿ ಪರೀಕ್ಷೆ ಬರೆದು ಅಲ್ಲಿಗೇ ಬಿಟ್ಟಿರ್ತಾರೆ.

ಮೊನ್ನೆ ಒಬ್ಬರು ಅಜ್ಜಿ ಬಂದಿದ್ರು, "ಒಣಕೆಮ್ಮು ಹೋಗ್ತಾನೇ ಇಲ್ಲ ಮಾರಾಯ್ತಿ" ಅಂತ. ಎರಡು ಬಾಟ್ಲಿ ಸಿರಪ್ ಕುಡಿದಾಗಿತ್ತು. ಎಲೆಅಡಿಕೆ ಚೀಲದಿಂದ ಬಿಪಿ ಮಾತ್ರೆ ಪಟ್ಟಿ (ಸ್ಟ್ರಿಪ್) ತೆಗೆದು ಕೊಟ್ರು, ಎನಾಲಾಪ್ರಿಲ್. ಪಕ್ಕದಲ್ಲಿದ್ದ ಹುಡುಗಿಗೆ ಎಸಿಇ ಇನ್ಹಿಬಿಟರ್ ಅನ್ನೋ ಬಿಪಿ ಮಾತ್ರೆ ಗುಂಪಿನ ಸೈಡ್ ಎಫೆಕ್ಟ್ ಏನು ಅಂತ ಕೇಳಿದೆ, ಡ್ರೈ ಕಾಫ್ ಅಂತ ಪಟಪಟ ಹೇಳಿದ್ಳು, ಆದ್ರೆ ಕೈಯಲ್ಲಿ ಹಿಡಿದಿದ್ದ ಪಟ್ಟಿ ಅದೇ ಗುಂಪಿಂದು ಅಂತ ಹೊಳೀಲೇ ಇಲ್ಲ! ಆಮೇಲೆ ಡಾಕ್ಟ್ರು ಅದನ್ನ ನಿಲ್ಲಿಸಿ ಬೇರೆ ಗುಂಪಿನ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಬರೆದ್ರು. ಅಜ್ಜಿ ಮುಂದಿನ ಸಲ ಬಂದಾಗ ಕೆಮ್ಮು ಇರಲಿಲ್ಲ.

ಹೆಸರಿನ ಕೊನೆ ನೋಡಿದ್ರೆ ಎಷ್ಟೋ ಮಾತ್ರೆಗಳ ಜಾತಕ ಗೊತ್ತಾಗುತ್ತೆ. ಪ್ರಿಲ್ ಅಂತ ಮುಗಿದ್ರೆ ಕೆಮ್ಮು ವಿಚಾರಿಸಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್ ಥರ ಓಲಾಲ್ ಅಂತ ಮುಗಿದ್ರೆ ಅದು ಎದೆಬಡಿತ ನಿಧಾನ ಮಾಡೋ ಬೀಟಾ ಬ್ಲಾಕರ್, ಕೊಡೋ ಮುಂಚೆ ನಾಡಿ ಎಣಿಸಲೇಬೇಕು, 60ಕ್ಕಿಂತ ಕಡಿಮೆ ಇದ್ರೆ ಮಾತ್ರೆ ಕೈಯಲ್ಲೇ ಇಟ್ಕೊಂಡು ಡಾಕ್ಟ್ರಿಗೆ ಹೇಳ್ಬೇಕು. ಅಮ್ಲೋಡಿಪಿನ್ ಥರ ಡಿಪಿನ್ ಅಂತ ಮುಗಿದ್ರೆ ಕಾಲು ಊದಿದೆಯಾ ನೋಡ್ಬೇಕು.

ಎಲ್ಲದಕ್ಕೂ ಹಿಂಗೆ ಬಾಲ ಇರಲ್ಲ, ಅಲ್ಲೇ ನಂಗೆ ಜಾಸ್ತಿ ಭಯ. ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡು ಬಿಟ್ಟಿಲ್ಲ. ಸೊಪ್ಪು ಸೌದೆಗೆ ಹೋದವರಿಗೆ ಉಣುಗು ಕಚ್ಚಿ ಜ್ವರ ಬರುತ್ತೆ, ಮೈಕೈ ನೋವು ತಡೀಲಾರದೆ ಅಂಗಡಿಯಿಂದ ಯಾವುದೋ ನೋವಿನ ಮಾತ್ರೆ ನುಂಗಿ ಬಂದಿರ್ತಾರೆ. ಪ್ಯಾರಾಸಿಟಮಾಲ್ ಆದ್ರೆ ಪರವಾಗಿಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೆಸರು ಬೇರೆಬೇರೆ ಇದ್ರೂ ರಕ್ತಸ್ರಾವ ಹೆಚ್ಚಿಸಬಲ್ಲ ಒಂದೇ ಗುಂಪು, ಈ ಜ್ವರದಲ್ಲಿ ಪ್ಲೇಟ್ಲೆಟ್ ಇಳಿದು ರಕ್ತಸ್ರಾವ ಆಗೋ ಅಪಾಯ ಇರೋದ್ರಿಂದ ಅವನ್ನ ಕೊಡಬಾರದು. ಏನು ನುಂಗಿದ್ರು ಅಂತ ಮೊದಲು ಕೇಳೋದು ನರ್ಸೇ ಅಲ್ವಾ?

ಪರೀಕ್ಷೆ ಇಂಗ್ಲಿಷಲ್ಲೇ ಇರಲಿ, ನಂದೇನೂ ತಕರಾರಿಲ್ಲ. ಆದ್ರೆ ಔಷಧ ಮೈಯೊಳಗೆ ಏನು ಮಾಡುತ್ತೆ ಅನ್ನೋದನ್ನ ಕನ್ನಡದಲ್ಲಿ ಹೇಳಿ, ಕ್ಲಾಸಿಗೆ ಮಾತ್ರೆ ಪಟ್ಟಿಗಳನ್ನೇ ತಂದು ಮಕ್ಕಳ ಕೈಗೆ ಕೊಟ್ಟು ಗುಂಪು ಮಾಡಿಸಿ ಅಂತ ನಮ್ಮ ಜಿಲ್ಲೆಯ ಎಲ್ಲಾ ನರ್ಸಿಂಗ್ ಮೇಷ್ಟ್ರು, ಮೇಡಂಗಳಲ್ಲಿ ಕೇಳ್ಕೋತೀನಿ. ಖಾಲಿ ಪಟ್ಟಿ ಬೇಕಂದ್ರೆ ನಾನೇ ಒಂದು ಬಿಸ್ಕೆಟ್ ಡಬ್ಬಿ ತುಂಬ ಕೂಡಿಟ್ಟಿದೀನಿ.

– ಒಬ್ಬ ಸ್ಟಾಫ್ ನರ್ಸ್, ತೀರ್ಥಹಳ್ಳಿ ತಾಲ್ಲೂಕು