ಸಾರಂಗನ ಸಹಿ ನಡೆಯುವುದಿಲ್ಲ

ಪಣಂಬೂರು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅಳಲಿಲ್ಲ. ಆದರೆ ಅಳು ನುಂಗಿಕೊಂಡದ್ದು ಗೊತ್ತಾಯಿತು. "ಹನ್ನೊಂದು ತಿಂಗಳಾಯಿತು ಅಪ್ಪ, ಟ್ರೇನಿಂಗ್ ರೆಕಾರ್ಡ್ ಬುಕ್ಕಿನಲ್ಲಿ ಅರ್ಧಕ್ಕೂ ಸಹಿಯಾಗಿಲ್ಲ, ಚೀಫ್ ಆಫೀಸರರನ್ನು ಕೇಳಿದರೆ ಆಮೇಲೆ ಆಮೇಲೆ ಎನ್ನುತ್ತಾರೆ" ಎಂದೆ. ಅಷ್ಟರಲ್ಲಿ ಲೈನ್ ಕಡಿದುಹೋಯಿತು. ನಿನ್ನ ಅಮ್ಮ ಪಕ್ಕದಲ್ಲೇ ನಿಂತಿದ್ದವಳು, "ಯಾವ ಪುಸ್ತಕ? ಹೋಂವರ್ಕೇ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಕಲಿತ ಒಂದೊಂದು ಕೆಲಸಕ್ಕೂ ಅಧಿಕಾರಿಯ ಸಹಿ ಬೀಳಬೇಕಾದ ಪುಸ್ತಕ, ತೀರಾ ಸುಳ್ಳೂ ಅಲ್ಲ.

ಮುಂದಿನ ವಾರ ಮಂಗಳೂರಿನ ಹುಡುಗನೊಬ್ಬ ನಿನ್ನ ಹಡಗು ಹತ್ತುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ವಾಟ್ಸ್ಯಾಪಿನಲ್ಲಿ ಕಳಿಸಿದರೆ ಅರ್ಧ ಓದಿ ನಿದ್ದೆ ಹೋಗುತ್ತೀಯ.

ಇಪ್ಪತ್ತೇಳು ವರ್ಷ ಹಡಗಿನಲ್ಲಿದ್ದೆ, ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಸಾರಂಗನಾಗಿ, ಎಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿಯಾಗಿ. ಈಗ ಎಲ್ಲರೂ ಬೋಸನ್ ಎನ್ನುತ್ತಾರೆ. ಹಗ್ಗಕ್ಕೆ ಹಗ್ಗ ಹೆಣೆಯುವುದನ್ನು, ಲಂಗರಿನ ಸರಪಳಿ ಎಣಿಸುವುದನ್ನು ಅಧಿಕಾರಿಯಾಗಲು ಕಲಿಯುವ ನಿನ್ನಂಥ ಎಷ್ಟು ಕ್ಯಾಡೆಟ್‌ಗಳಿಗೆ ಕಲಿಸಿದೆನೋ ಲೆಕ್ಕವಿಟ್ಟಿಲ್ಲ. ಅವರ ಪುಸ್ತಕದಲ್ಲಿ ಮಾತ್ರ ನನ್ನ ಸಹಿಗೆ ಜಾಗವಿರಲಿಲ್ಲ. ಕಲಿಸಿದವನು ನಾನು, ಸಹಿ ಹಾಕುವವರು ಅಧಿಕಾರಿ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಆದರೆ ಆ ಸಹಿ ಹೇಗೆಲ್ಲ ಬೀಳುತ್ತದೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಒಮ್ಮೆ ಅದರಲ್ಲಿ ನನ್ನದೂ ಪಾಲಿತ್ತು.

ಮೆಕ್ಕೆಜೋಳ ತುಂಬಿದ ಹಡಗು. ಕ್ಯಾಡೆಟ್ ಒಳ್ಳೆಯ ಹುಡುಗ, ನಾನು ಬಿಲ್ಜ್ ಸೌಂಡಿಂಗ್ ತೆಗೆಯುವುದನ್ನು, ಎಂದರೆ ಸರಕಿನ ಕೋಣೆಯ ತಳದ ಗುಂಡಿಯಲ್ಲಿ ನೀರು ಸೇರಿದೆಯೇ ಎಂದು ಪೈಪಿನೊಳಗೆ ಟೇಪು ಇಳಿಬಿಟ್ಟು ಅಳೆಯುವುದನ್ನು, ಎರಡು ಸಲ ನೋಡಿದ್ದ. ಚೀಫ್ ಆಫೀಸರ್ ಒಂದು ಸಂಜೆ ಕೆಲಸದ ಗಡಿಬಿಡಿಯಲ್ಲಿ ಅವನ ಪುಸ್ತಕ ಬಿಡಿಸಿಕೊಂಡು, "ಸಾರಂಗ್, ಈ ಹುಡುಗನಿಗೆ ಸೌಂಡಿಂಗ್ ಬರುತ್ತದೆಯೇ?" ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಬರುತ್ತದೆ ಸಾಬ್ ಎಂದೆ. ಸಹಿಯಾಯಿತು.

ಮರುದಿನದಿಂದ ಅವನೊಬ್ಬನೇ ಹೋಗತೊಡಗಿದ. ಟೇಪು ಒಣಗಿಯೇ ಮೇಲೆ ಬರುತ್ತಿತ್ತು, "ಇಲ್ಲ" ಎಂದು ಬರೆಯುತ್ತಿದ್ದ. ಒಂಬತ್ತು ದಿನ ಹಾಗೆಯೇ ಬರೆದ. ಇಳಿಸುವ ಬಂದರಿನಲ್ಲಿ ಎರಡನೇ ಹೋಲ್ಡಿನ, ಅಂದರೆ ಸರಕಿನ ಕೋಣೆಯ, ತಳ ಕಾಣುತ್ತಿದ್ದಂತೆ ಹುಳಿ ವಾಸನೆ ಬಂತು, ಮೂಲೆಯ ಜೋಳ ಮೊಳಕೆಯೊಡೆದಿತ್ತು. ನೀರು ಎಲ್ಲಿಂದ ಬಂತೆಂಬುದು ಬೇರೆ ಕಥೆ. ಪೈಪಿನೊಳಗೆ ತುಕ್ಕಿನ ಚಕ್ಕೆ ಕಟ್ಟಿಕೊಂಡಿತ್ತು, ಟೇಪಿನ ತುದಿಯ ಹಿತ್ತಾಳೆಯ ಗುಂಡು ಅದರ ಮೇಲೆ ಕೂತು ಅಲ್ಲಿಂದಲೇ ವಾಪಸಾಗುತ್ತಿತ್ತು. ಪೈಪಿನ ಬಾಯಿಂದ ತಳಕ್ಕೆ ಎಷ್ಟು ಮೀಟರ್ ಎಂಬುದು ಪಟ್ಟಿಯಲ್ಲಿರುತ್ತದೆ, ಟೇಪು ಅಷ್ಟು ಇಳಿಯಿತೇ ಎಂದು ಮೊದಲು ನೋಡಬೇಕು, ಆಮೇಲೆ ಒದ್ದೆಯೋ ಒಣಗಿಯೋ ಎಂಬ ಪ್ರಶ್ನೆ. ಇದನ್ನು ನಾನು ಅವನಿಗೆ ಹೇಳಿರಲಿಲ್ಲ. ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಹೇಳಬೇಕೆಂದು ಹೊಳೆಯಲೇ ಇಲ್ಲ. ಅವನೇ ಮಾಡುವಾಗ ನಾನು ಪಕ್ಕದಲ್ಲಿ ಒಂದು ಸಲ ನಿಂತಿದ್ದರೆ ಸಾಕಿತ್ತು.

ಆದ್ದರಿಂದ ನೀನು ಸೌಂಡಿಂಗ್‌ಗೆ ಹೋದಾಗ ಟೇಪನ್ನು ಬಟ್ಟೆಯಿಂದ ಒರೆಸು, ಒದ್ದೆಯಾದದ್ದು ಕಾಣುವಂತೆ ಸೀಮೆಸುಣ್ಣ ಹಚ್ಚು, ನಿಧಾನವಾಗಿ ಬಿಡು, ತಳ ತಾಗಿದ ಕೂಡಲೇ ಎಷ್ಟು ಇಳಿಯಿತೆಂದು ಓದು. ಮುಚ್ಚಳ ತಿರುಗಿಸಿ ಮುಚ್ಚುವುದನ್ನು ಮರೆಯಬೇಡ.

ಈಗ ನಿನ್ನ ಚೀಫ್ ಆಫೀಸರ್. ನಮ್ಮ ಕಾಲದಲ್ಲಿ ಬಡಾ ಮಾಲಿಮ್ ಎನ್ನುತ್ತಿದ್ದೆವು. ಅವರು ಕೆಟ್ಟವರಿರಲಾರರು. ಬೆಳಿಗ್ಗೆ ನಾಲ್ಕರಿಂದ ಎಂಟು, ಸಂಜೆ ನಾಲ್ಕರಿಂದ ಎಂಟು ವಾಚಿನ ಪಾಳಿ, ನಡುವೆ ಸರಕು, ಹಡಗಿನ ಸಮತೋಲಕ್ಕೆ ತುಂಬುವ ಬ್ಯಾಲಾಸ್ಟ್ ನೀರು, ಡೆಕ್ಕಿನ ಕೆಲಸ. ಅಂಥವರ ಮುಂದೆ ದಪ್ಪ ಪುಸ್ತಕ ಹಿಡಿದು "ಸಹಿ ಸರ್" ಎಂದರೆ ಯಾರಾದರೂ ಆಮೇಲೆ ಎನ್ನುತ್ತಾರೆ. "ಸರ್, ನಾಳೆ ಎರಡನೇ ಹೋಲ್ಡಿನ ಸೌಂಡಿಂಗ್ ನಾನು ತೆಗೆಯುತ್ತೇನೆ, ಹತ್ತು ನಿಮಿಷ ನಿಂತು ನೋಡುತ್ತೀರಾ?" ಎಂದು ಕೇಳು. ಬಂದರಿನಲ್ಲಿ ಕೇಳಲೇಬೇಡ, ದೂರದ ಪ್ರಯಾಣದಲ್ಲಿ ಕೇಳು. ನೋಡಿದವರು ಅಂದೇ ಸಹಿ ಹಾಕಲಿ, ಹೆಚ್ಚೆಂದರೆ ಆ ವಾರದೊಳಗೆ. ಎಲ್ಲದಕ್ಕೂ ಅವರೇ ಬೇಕೆಂದೇನೂ ಇರಲಾರದು. ಚಾರ್ಟು, ಪ್ರಯಾಣದ ಯೋಜನೆ ಸೆಕೆಂಡ್ ಆಫೀಸರ್ ಕೆಲಸ, ಲೈಫ್‌ಬೋಟು, ಬೆಂಕಿ ಆರಿಸುವ ಸಲಕರಣೆ ಸಾಮಾನ್ಯವಾಗಿ ಥರ್ಡ್ ಆಫೀಸರ್ ಸುಪರ್ದಿ. ಯಾರು ಸಹಿ ಹಾಕಬಹುದೆಂದು ಪುಸ್ತಕದ ಮೊದಲ ಪುಟಗಳಲ್ಲೇ ಬರೆದಿರುತ್ತದೆ. ಆ ಪುಟಗಳನ್ನು ಓದಿದ ಕ್ಯಾಡೆಟ್‌ನನ್ನು ನಾನಂತೂ ಕಂಡಿಲ್ಲ.

ನಕ್ಷತ್ರ ನೋಡಿ ಸ್ಥಾನ ಗುರುತಿಸುವ ಪಾಠ ಬಾಕಿ ಇದೆ ಎಂದು ನೀನು ಹೇಳಿದ್ದೆ. ಕ್ಷಿತಿಜವೂ ನಕ್ಷತ್ರವೂ ಒಟ್ಟಿಗೆ ಕಾಣುವುದು ಮುಸ್ಸಂಜೆ, ಮುಂಜಾವುಗಳಲ್ಲಿ ಸ್ವಲ್ಪ ಹೊತ್ತು ಮಾತ್ರ, ಅದು ಬರುವುದು ಹೆಚ್ಚಾಗಿ ಚೀಫ್ ಆಫೀಸರರ ವಾಚಿನಲ್ಲೇ. ಒಂದು ತಿಂಗಳಾದರೂ ಆ ವಾಚಿಗೆ ಹಾಕಿಸಿಕೊಂಡು ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್‌ಟಂಟ್ ಕೈಗೆ ತೆಗೆದುಕೋ. ಪುಸ್ತಕದ ವಿಷಯವೂ ತಾನಾಗಿ ಮುಂದಕ್ಕೆ ಸಾಗುತ್ತದೆ.

ಇಳಿಯುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಮೂವತ್ತು ಸಹಿ ಹಾಕಿಸಿಕೊಂಡವನೊಬ್ಬನನ್ನು ಬಲ್ಲೆ. ದಿನಾಂಕಗಳನ್ನು ಅವನೇ ಅಂದಾಜಿನ ಮೇಲೆ ತುಂಬಿಕೊಂಡಿದ್ದ. ಅಧಿಕಾರಿಯಾಗಲು ಬರೆಯುವ ಸೆಕೆಂಡ್ ಮೇಟ್ ಪರೀಕ್ಷೆಯ ಮೌಖಿಕದಲ್ಲಿ ಪರೀಕ್ಷಕರಾದ ಸರ್ವೇಯರ್ ಪುಸ್ತಕ ತಿರುವಿ, ಲಂಗರು ಹಾಕಿದ ದಿನಾಂಕ ನೋಡಿ, ಪ್ರಯಾಣದ ವಿವರವಿರುವ ಪುಟವನ್ನೂ ನೋಡಿದರಂತೆ. ಆ ದಿನ ಹಡಗು ಪೆಸಿಫಿಕ್ ನಡುವೆ ಇತ್ತು. "ಎಷ್ಟು ಶ್ಯಾಕಲ್ ಸರಪಳಿ ಬಿಟ್ಟಿರಪ್ಪ?" ಎಂದು ಮೃದುವಾಗಿ ಕೇಳಿದರಂತೆ. ಒಂದು ಶ್ಯಾಕಲ್ ಎಂದರೆ 27.5 ಮೀಟರ್. ಅಲ್ಲಿನ ಆಳಕ್ಕೆ ಎಷ್ಟು ಬೇಕೆಂದು ನೀನೇ ಲೆಕ್ಕ ಹಾಕು. ವರ್ಷಗಳ ಮೇಲೆ ಅವನೇ ಇದನ್ನು ಹೇಳಿಕೊಂಡು ನಕ್ಕ. ಅಂದು ನಕ್ಕಿರಲಿಕ್ಕಿಲ್ಲ.

ಪೈಲಟ್ ಏಣಿ, ಎಂದರೆ ಬಂದರಿನ ಪೈಲಟ್ ಹಡಗು ಹತ್ತಲು ಇಳಿಬಿಡುವ ಹಗ್ಗದ ಏಣಿ, ಕಟ್ಟುವುದು ಸಣ್ಣ ಕೆಲಸವೆಂದು ಕೊನೆಗೆ ಉಳಿಸಿದ್ದೀಯಂತೆ. 2015ರ ಜೂನ್‌ನಲ್ಲಿ ಒಡಿಶಾ ಕರಾವಳಿಯಾಚೆ, ಇಪ್ಪತ್ತೈದು ಅಡಿ ಮೀರಿದ ಅಲೆಗಳಲ್ಲಿ, 'ದುರ್ಗಮ್ಮ' ಎಂಬ ದೋಣಿಯ ಏಳು ಮೀನುಗಾರರನ್ನು ಕ್ಯಾಪ್ಟನ್ ರಾಧಿಕಾ ಮೆನನ್ ತಮ್ಮ ಹಡಗಿಗೆ ಹತ್ತಿಸಿಕೊಂಡದ್ದು ಪೈಲಟ್ ಏಣಿಯಿಂದಲೇ. ಮೂರು ಸಲ ಪ್ರಯತ್ನಿಸಬೇಕಾಯಿತು. ಹೆಣ್ಣು ಹಡಗಿನಲ್ಲಿ ಏನು ಮಾಡುತ್ತಾಳೆ ಎಂದು ಕೇಳುವ ನಮ್ಮ ನೆಂಟರಿಗೆ ನಾನು ಹೇಳುವುದು ಇದನ್ನೇ. ನಿನಗೆ ಹೇಳುತ್ತಿರುವುದು ಏಣಿಯ ವಿಷಯಕ್ಕೆ. ಬೋಸನ್ ಜೊತೆ ಬಗ್ಗಿ ಹಗ್ಗ ಕಟ್ಟು, ಪ್ರತಿ ಮೆಟ್ಟಿಲನ್ನೂ ಕೈಯಿಂದ ಮುಟ್ಟಿ ನೋಡು.

ಲೆಕ್ಕದ ಮಾತೊಂದು. ಆ ಪರೀಕ್ಷೆಗೆ ನಿನಗೆ ಬೇಕಾದ 18 ತಿಂಗಳ ಹಡಗಿನ ಸೇವೆಯಲ್ಲಿ ಕನಿಷ್ಠ 6 ತಿಂಗಳು ಬ್ರಿಜ್ ವಾಚ್, ಎಂದರೆ ಹಡಗು ನಡೆಸುವ ಕೋಣೆಯ ಪಾಳಿ, ಆಗಿರಬೇಕು. ಇಳಿಯುವಾಗ ಕ್ಯಾಪ್ಟನ್ ಕೊಡುವ ಪತ್ರದಲ್ಲಿ ಅದು ಬೇರೆಯಾಗಿ ನಮೂದಾಗಿದೆಯೇ ಎಂದು ಗ್ಯಾಂಗ್‌ವೇ ದಾಟುವ ಮೊದಲೇ ನೋಡಿಕೋ. ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದು ನಮಗೆ ಕಳಿಸು, ಅಮ್ಮನ ಮೊಬೈಲಿನಲ್ಲೂ ಇರಲಿ. ಚೀಫ್ ಆಫೀಸರ್ ಯಾವ ಬಂದರಿನಲ್ಲಿ ಇಳಿಯುತ್ತಾರೆಂದು ಇಂದೇ ವಿಚಾರಿಸು, ಅವರು ಮನೆ ಸೇರಿದ ಮೇಲೆ ಅವರು ನೋಡಿದ ಕೆಲಸಕ್ಕೆ ಹೊಸಬರು ಸಹಿ ಹಾಕುವುದಿಲ್ಲ, ಹಾಕಲೂ ಬಾರದು.

ಹುಡುಗನ ಕೈಯಲ್ಲಿ ಒಂದು ಡಬ್ಬಿ ಸೀಮೆಸುಣ್ಣವನ್ನೂ ಕಳಿಸಿದ್ದೇನೆ. ಹಡಗಿನ ಸ್ಟೋರಿನಲ್ಲಿ ಇರುತ್ತದೆ, ಗೊತ್ತು. ಇದೂ ಇರಲಿ.

ನಿನ್ನ
ಅಪ್ಪ