ಅಪ್ಪನೊಡನೆ ಮಾತು ಬಿಡಬೇಡ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಭಾವ ಇಸ್ಪೀಟಿನಲ್ಲಿ ಹಣ ಕಳೆದುಕೊಂಡ ವಿಷಯ ಅಕ್ಕ ಹೇಳಿದಳು. ನೀನು ಅಪ್ಪನೊಡನೆ ಮಾತು ಬಿಟ್ಟಿದ್ದೀಯಂತೆ. ಹಾಗೆ ಮಾಡಬೇಡ, ಮಗಳೇ. ಜೀವಮಾನದಲ್ಲಿ ಪಣ ಕಟ್ಟದ ಮನುಷ್ಯ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಆಟಕ್ಕೆ ಬಿದ್ದಿದ್ದಾರೆ ಎಂದರೆ, ಮೊದಲು ಮಾತ್ರೆಯ ಚೀಟಿ ನೋಡಬೇಕು. ಅವರು ನುಂಗುತ್ತಿರುವುದು ಪ್ರಾಮಿಪೆಕ್ಸೋಲ್. ಅದು ಮಿದುಳಿನಲ್ಲಿ ಡೋಪಮಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ ಕೆಲಸ ಮಾಡುವ ಔಷಧಿ. ಈ ಕಾಯಿಲೆಯಲ್ಲಿ ಕೈಕಾಲು ಆಡಿಸುವ ಭಾಗದಲ್ಲಿ ಡೋಪಮಿನ್ ಬತ್ತಿರುತ್ತದೆ, ಆದರೆ ಆಸೆ ಮತ್ತು ಗೆಲುವಿನ ಸುಖಕ್ಕೆ ಸ್ಪಂದಿಸುವ ವೆಂಟ್ರಲ್ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಅಷ್ಟು ಬತ್ತಿರುವುದಿಲ್ಲ. ಒಣಗಿದ ಗದ್ದೆಗೆಂದು ಬಿಟ್ಟ ನೀರು ಪಕ್ಕದ ತುಂಬಿದ ಗದ್ದೆಯ ಬದು ಒಡೆದ ಹಾಗೆ ಆಗುತ್ತದೆ.

ಇದು ಬರೀ ಊಹೆಯಲ್ಲ. ಟೊರೊಂಟೊದ ಸಂಶೋಧಕರು 2009ರಲ್ಲಿ ಜೂಜಿನ ಚಟ ಹತ್ತಿದ ಏಳು ಪಾರ್ಕಿನ್ಸನ್ ರೋಗಿಗಳನ್ನೂ ಚಟವಿಲ್ಲದ ಏಳು ಪಾರ್ಕಿನ್ಸನ್ ರೋಗಿಗಳನ್ನೂ ಮಿದುಳಿನ ಕೆಲಸ ತೋರಿಸುವ ಪೆಟ್ ಸ್ಕ್ಯಾನರಿನಲ್ಲಿ ಮಲಗಿಸಿ ಇಸ್ಪೀಟಿನಂಥ ಆಟ ಆಡಿಸಿದರು. ರಾಕ್ಲೋಪ್ರೈಡ್ ಎಂಬ ವಿಕಿರಣ ಬೆರೆಸಿದ ವಸ್ತುವನ್ನು ರಕ್ತಕ್ಕೆ ಕೊಟ್ಟಿದ್ದರು. ಅದು ಮಿದುಳಿನಲ್ಲಿ ಡೋಪಮಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಡೋಪಮಿನ್ ಉಕ್ಕಿದಷ್ಟೂ ಅದಕ್ಕೆ ಕೂರಲು ಜಾಗ ಕಡಿಮೆಯಾಗುತ್ತದೆ. ಆಟದ ಹೊತ್ತಿನಲ್ಲಿ ವೆಂಟ್ರಲ್ ಸ್ಟ್ರಯೇಟಮ್‌ನಲ್ಲಿ ಅದರ ಅಂಟುವಿಕೆ ಚಟವಿದ್ದವರಲ್ಲಿ ಶೇ. 13.9ರಷ್ಟು ಇಳಿಯಿತು, ಉಳಿದವರಲ್ಲಿ ಶೇ. 8.1ರಷ್ಟು. ಅಂದರೆ ಅದೇ ಆಟಕ್ಕೆ ಅವರಲ್ಲಿ ಡೋಪಮಿನ್ ಹೆಚ್ಚು ಉಕ್ಕಿದೆ. ಹದಿನಾಲ್ಕು ಜನ ಚಿಕ್ಕ ಗುಂಪು, ಒಪ್ಪುತ್ತೇನೆ. ಆದರೆ 2010ರಲ್ಲಿ ಅಮೆರಿಕ, ಕೆನಡಾಗಳ 3,090 ರೋಗಿಗಳನ್ನು ನೋಡಿದಾಗಲೂ, ಇಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಶೇ. 17.1 ಮಂದಿಗೆ ಜೂಜು, ಖರೀದಿ, ಅತಿ ತಿನ್ನುವಿಕೆ, ಕಾಮದಂಥ ಯಾವುದೋ ಒಂದು ಹತೋಟಿ ತಪ್ಪಿತ್ತು. ತೆಗೆದುಕೊಳ್ಳದವರಲ್ಲಿ ಅದು ಶೇ. 6.9.

ಭಾವನಿಗೂ ಸ್ಕ್ಯಾನ್ ಮಾಡಿಸಬೇಕೇ ಎಂದು ಅಕ್ಕ ಕೇಳಿದಳು. ಬೇಡ. ಅವು ಸಂಶೋಧನೆಗೆ ಮಾಡಿದ ಸ್ಕ್ಯಾನುಗಳು. ನ್ಯೂರಾಲಜಿಸ್ಟರಿಗೆ ಬೇಕಾದದ್ದು ನಿಜ ಸಂಗತಿ: ಮಾತ್ರೆ ಯಾವಾಗ ಶುರುವಾಯಿತು, ಡೋಸ್ ಯಾವಾಗ ಏರಿತು, ಆಟ ಯಾವಾಗ ಹತ್ತಿತು. ಅದನ್ನು ಹೇಳುವವಳು ನೀನಾಗಬೇಕು, ಏಕೆಂದರೆ ನಾಚಿಕೆಯಿಂದ ಭಾವ ಹೇಳುವುದಿಲ್ಲ. ಡಾಕ್ಟರು ಡೋಸ್ ಇಳಿಸಬಹುದು, ಬೇರೆ ಔಷಧಿಗೆ ಬದಲಿಸಬಹುದು. ಎಷ್ಟೋ ಜನರಲ್ಲಿ ಇದರಿಂದ ಚಟ ಇಳಿದಿದೆ.

ಕೋಪದಲ್ಲಿ ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ! ತಟ್ಟನೆ ಬಿಟ್ಟರೆ ಮೈ ಬಿಗಿಯುತ್ತದೆ, ವಿಪರೀತ ಆತಂಕ, ಖಿನ್ನತೆ ಬರಬಹುದು. ಸದ್ಯಕ್ಕೆ ಎಟಿಎಂ ಕಾರ್ಡು, ಚೆಕ್‌ಬುಕ್ ಅಕ್ಕನ ಬಳಿ ಇರಲಿ. ಕಿತ್ತುಕೊಳ್ಳಬೇಡ, ಅವರನ್ನು ಕೂರಿಸಿ ಕಾರಣ ಹೇಳಿ ಒಪ್ಪಿಸು. ಸಾಲದ ಲೆಕ್ಕವನ್ನು ನನಗೆ ಕಳಿಸು, ಡಾಕ್ಟರ ಹತ್ತಿರ ಹೋಗುವ ದಿನ ತಿಳಿಸು, ನಾನೂ ಬರುತ್ತೇನೆ.

ಇಂತಿ,
ನಿನ್ನ ಮಾವ